ಕೋಯಿಂಬ್ರಾದ ಹಳೆಯ ಕೆಥೆಡ್ರಲ್: ಗಡಿನಾಡಿನ ಚರ್ಚೊಂದರ ಚರಿತ್ರೆ ಮತ್ತು ಅದರ ಕಲ್ಲಿನ ಲೆಕ್ಕಾಚಾರ

ಪೋರ್ಚುಗಲ್ ದೇಶದ ನಡುಭಾಗದಲ್ಲಿ, ಮೊಂಡೇಗು ನದಿಯ ದಂಡೆಗೆ ಒತ್ತಿಕೊಂಡಂತಿರುವ ಕಡಿದಾದ ಗುಡ್ಡವೊಂದರ ಮೇಲೆ ಕೋಯಿಂಬ್ರಾ ನಗರ ಹಬ್ಬಿದೆ. ಗುಡ್ಡದ ನೆತ್ತಿಯಲ್ಲಿ ಹೆಸರಾಂತ ವಿಶ್ವವಿದ್ಯಾಲಯವಿದೆ. ಅಲ್ಲಿಂದ ಇಕ್ಕಟ್ಟಾದ ಓಣಿಗಳಲ್ಲಿ ಕೆಳಗಿಳಿದರೆ, ಇಳಿಜಾರಿನ ನಡುವೆ ಸಿಗುವ ಪುಟ್ಟ ಚೌಕದಲ್ಲಿ, ಹಳದಿ ಛಾಯೆಯ ಸುಣ್ಣಕಲ್ಲಿನ ಭಾರಿ ಕಟ್ಟಡವೊಂದು ಎದುರಾಗುತ್ತದೆ. ಎತ್ತರದ ಬೋಳು ಗೋಡೆಗಳು, ಬೆರಳೆಣಿಕೆಯ ಕಿರಿದಾದ ಕಿಟಕಿಗಳು, ಗೋಡೆಯ ತಲೆಯುದ್ದಕ್ಕೂ ಕೋಟೆಗಿರುವಂತಹ ತೆನೆಗಳು ಇರುವ ಈ ಕಟ್ಟಡವನ್ನು ಚರ್ಚು ಎಂದು ಮೊದಲ ನೋಟಕ್ಕೆ ಗುರುತಿಸುವುದು ಕಷ್ಟ. ಇದು 12ನೇ ಶತಮಾನದ ದ್ವಿತೀಯಾರ್ಧದಲ್ಲಿ ಕಟ್ಟಿದ ಕೆಥೆಡ್ರಲ್, ಅಂದರೆ ಬಿಷಪ್ಪರ ಅಧಿಕಾರಪೀಠವಿದ್ದ ಚರ್ಚು. ಊರಿನವರು ಇದನ್ನು ಸೇ ವೆಲ್ಯ, ಹಳೆಯ ಕೆಥೆಡ್ರಲ್, ಎಂದು ಕರೆಯುತ್ತಾರೆ.

ಪೋರ್ಚುಗೀಸ್ ಚರ್ಚು ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಹಳೆ ಗೋವೆಯ ಸೇ ಕೆಥೆಡ್ರಲ್ ಅಥವಾ ಬೊಂ ಜೀಸಸ್ ಬೆಸಿಲಿಕಾ. ಅವು ಪೋರ್ಚುಗಲ್ ಸಮುದ್ರದಾಚೆ ಸಾಮ್ರಾಜ್ಯ ಕಟ್ಟಿಕೊಂಡಿದ್ದ 16 ಮತ್ತು 17ನೇ ಶತಮಾನಗಳ ಕಟ್ಟಡಗಳು. ಕೋಯಿಂಬ್ರಾದ ಕೆಥೆಡ್ರಲ್ ಅವುಗಳಿಗಿಂತ 400 ವರ್ಷಗಳಷ್ಟು ಹಿಂದಿನದು; ಅದು ಎದ್ದು ನಿಂತದ್ದು ಪೋರ್ಚುಗಲ್ ಎಂಬ ರಾಜ್ಯ ಹುಟ್ಟಿ ಇನ್ನೂ ಒಂದು ತಲೆಮಾರೂ ತುಂಬದಿದ್ದ ಕಾಲದಲ್ಲಿ. ಈ ಕಟ್ಟಡ ಕೋಟೆಯಂತೆ ಕಾಣುವುದಕ್ಕೆ ಯುದ್ಧಭೀತಿಯೊಂದೇ ಕಾರಣವೆಂದು ಹೇಳಿ ಮುಂದೆ ಸಾಗುವ ರೂಢಿಯೊಂದುಂಟು. ಆ ಮಾತಿನಲ್ಲಿ ಸತ್ಯವಿದೆ, ಆದರೆ ಅದು ಅರ್ಧಸತ್ಯ. ಉಳಿದರ್ಧ ಕಲ್ಲಿನ ಚಾವಣಿಯ ಭಾರದಲ್ಲಿದೆ. ಇವೆರಡನ್ನೂ ಒಟ್ಟಿಗೆ ಹಿಡಿದು ನೋಡಿದಾಗ ಮಾತ್ರ ಈ ಕಟ್ಟಡ ಅರ್ಥವಾಗುತ್ತದೆಂಬುದು ನನ್ನ ನಂಬಿಕೆ.

ಮೊದಲು ಊರಿನ ಚರಿತ್ರೆಯನ್ನು ನೋಡೋಣ. ರೋಮನ್ನರ ಕಾಲದಲ್ಲಿ ಈ ಗುಡ್ಡದ ಮೇಲಿದ್ದ ಊರಿನ ಹೆಸರು ಏಮಿನಿಯಂ. ಬಿಷಪ್ಪರ ಪೀಠ ಆಗ ಇಲ್ಲಿರಲಿಲ್ಲ. ದಕ್ಷಿಣಕ್ಕೆ ಕೆಲವೇ ಮೈಲಿ ದೂರದ ಕೊನಿಂಬ್ರಿಗಾ ಎಂಬ ಪಟ್ಟಣದಲ್ಲಿತ್ತು. ಆ ಪಟ್ಟಣ ದಾಳಿಗಳಿಗೆ ಸಿಕ್ಕು ಕ್ಷೀಣಿಸಿದಾಗ, 6ನೇ ಶತಮಾನದ ಕೊನೆಯ ಹೊತ್ತಿಗೆ, ಬಿಷಪ್ಪರು ತಮ್ಮ ಪೀಠವನ್ನು ಸುರಕ್ಷಿತವಾದ ಈ ಗುಡ್ಡಕ್ಕೆ ತಂದರು. ಪೀಠದ ಹಿಂದೆಯೇ ಹಳೆಯ ಪಟ್ಟಣದ ಹೆಸರೂ ಬಂದು ಕಾಲಾಂತರದಲ್ಲಿ ಕೋಯಿಂಬ್ರಾ ಆಯಿತು. 711ರಲ್ಲಿ ಐಬೀರಿಯಾ ಪರ್ಯಾಯ ದ್ವೀಪಕ್ಕೆ ಬಂದ ಮುಸ್ಲಿಂ ಸೇನೆಗಳು ಕೆಲವೇ ವರ್ಷಗಳಲ್ಲಿ ಈ ಪ್ರದೇಶವನ್ನೂ ಹಿಡಿದವು. ಅಲ್ಲಿಂದ ಮುಂದಿನ ಮೂರೂವರೆ ಶತಮಾನಗಳಲ್ಲಿ ಊರು ಹಲವು ಸಲ ಕೈಬದಲಾಯಿತು. 878ರಲ್ಲಿ ಉತ್ತರದ ಆಸ್ತೂರಿಯಾಸ್ ರಾಜ್ಯದವರು ಗೆದ್ದರು. 987ರಲ್ಲಿ ದಕ್ಷಿಣದ ಮುಸ್ಲಿಂ ರಾಜಧಾನಿ ಕೊರ್ದೋಬಾದ ಪ್ರಬಲ ಸೇನಾನಿ ಅಲ್ ಮನ್ಸೂರ್ ಮತ್ತೆ ವಶಪಡಿಸಿಕೊಂಡನು. 1064ರಲ್ಲಿ ಲಿಯೋನ್ ರಾಜ್ಯದ ಒಂದನೇ ಫರ್ನಾಂದೊ ದೀರ್ಘ ಮುತ್ತಿಗೆಯ ನಂತರ ಅದನ್ನು ಶಾಶ್ವತವಾಗಿ ಕ್ರೈಸ್ತರ ಕೈಗೆ ತಂದನು.

ಗೆದ್ದ ಊರನ್ನು ಆಳಲು ಫರ್ನಾಂದೊ ನೇಮಿಸಿದ ವ್ಯಕ್ತಿಯ ಬಗ್ಗೆ ಇಲ್ಲಿ ಹೇಳಲೇಬೇಕು. ಸಿಸ್ನಾಂದೊ ದಾವಿದೆಶ್ ಎಂಬ ಆತ ಮೊಝರಬ್ ಸಮುದಾಯದವನು. ಮುಸ್ಲಿಮರ ಆಳ್ವಿಕೆಯಡಿ ಬದುಕುತ್ತಾ, ತಮ್ಮ ಕ್ರೈಸ್ತ ಧರ್ಮವನ್ನು ಬಿಡದೆ, ಅರಬ್ಬಿ ಭಾಷೆಯನ್ನೂ ಉಡುಗೆತೊಡುಗೆಯನ್ನೂ ಕಲೆಯನ್ನೂ ತಮ್ಮದಾಗಿಸಿಕೊಂಡಿದ್ದ ಜನರನ್ನು ಮೊಝರಬ್ಬರೆಂದು ಕರೆಯುತ್ತಾರೆ. ಸಿಸ್ನಾಂದೊ ಸೆವಿಲ್ಲಾದ ಮುಸ್ಲಿಂ ಅರಸನ ಆಸ್ಥಾನದಲ್ಲಿ ಕೆಲಸ ಮಾಡಿದ್ದವನು. ಎರಡೂ ಕಡೆಯ ರೀತಿನೀತಿ ಬಲ್ಲವನು. ಅವನು 1091ರಲ್ಲಿ ತೀರಿಕೊಂಡನು. ಅವನ ಕಾಲದ ಕೋಯಿಂಬ್ರಾದಲ್ಲಿ ದಕ್ಷಿಣದಿಂದ ಬಂದ ಮೊಝರಬ್ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದವು. ಕೆಥೆಡ್ರಲ್ಲಿನ ಕೆತ್ತನೆಯ ಬಗ್ಗೆ ಮಾತನಾಡುವಾಗ ಈ ಜನರನ್ನು ಮತ್ತೆ ನೆನೆಯಬೇಕಾಗುತ್ತದೆ.

1064ರ ನಂತರವೂ ಊರು ನೆಮ್ಮದಿಯಿಂದಿರಲಿಲ್ಲ. 1117ರಲ್ಲಿ ಮೊರಾಕ್ಕೊದಿಂದ ಬಂದ ಅಲ್ಮೊರಾವಿದ್ ಸೇನೆ ಅದನ್ನು ಮುತ್ತಿತು. ಮೊಂಡೇಗು ನದಿಯೇ ಬಹುಕಾಲ ಗಡಿಯಾಗಿತ್ತು. 1131ರ ಹೊತ್ತಿಗೆ ಅಫೋನ್ಸೊ ಎನ್ರಿಕೆಶ್ ಎಂಬ ತರುಣ ಕೌಂಟ್ ತನ್ನ ಬಿಡಾರವನ್ನು ಉತ್ತರದ ಗಿಮರಾಂಯ್ಶ್‌ನಿಂದ ಈ ಗಡಿಯೂರಿಗೆ ಸ್ಥಳಾಂತರಿಸಿದನು. 1139ರ ಔರಿಕ್ ಯುದ್ಧದ ಗೆಲುವಿನ ಬಳಿಕ ಅವನು ತನ್ನನ್ನು ರಾಜನೆಂದು ಕರೆದುಕೊಂಡನು. 1143ರಲ್ಲಿ ಲಿಯೋನಿನ ಅರಸ ಆ ಪದವಿಯನ್ನು ಒಪ್ಪಿದನು. 1179ರಲ್ಲಿ ಪೋಪರ ಆಜ್ಞಾಪತ್ರವೂ ದೊರೆಯಿತು. ಈ ನಡುವೆ, 1147ರಲ್ಲಿ, ಅವನು ಸಾಂತರೇಂ ಮತ್ತು ಲಿಸ್ಬನ್ ನಗರಗಳನ್ನು ಗೆದ್ದು ಗಡಿಯನ್ನು ದಕ್ಷಿಣದ ಟೇಗಸ್ ನದಿಯವರೆಗೆ ತಳ್ಳಿದ್ದನು.

ಈ ಕೊನೆಯ ಸಂಗತಿ ಮುಖ್ಯವಾದುದು. ಹೊಸ ಕೆಥೆಡ್ರಲ್ಲಿನ ಕೆಲಸ ವೇಗ ಪಡೆದದ್ದು 1162ರಲ್ಲಿ ಮಿಗೆಲ್ ಸಾಲೊಮಾಂವ್ ಬಿಷಪ್ ಆದ ಮೇಲೆ. ಅಷ್ಟು ಹೊತ್ತಿಗೆ ಗಡಿ ಊರಿನಿಂದ ನೂರು ಮೈಲಿಯಷ್ಟು ಆಚೆಗೆ ಸರಿದಿತ್ತು. ಶತ್ರು ಬಾಗಿಲಿಗೆ ಬಂದು ನಿಂತಿದ್ದಾನೆಂಬ ತುರ್ತಿನಲ್ಲಿ ಕಟ್ಟಿದ ಗೋಡೆಗಳು ಇವಲ್ಲ. ಹಾಗೆಂದು ಭಯ ಪೂರ್ತಿ ಅಳಿದಿರಲೂ ಇಲ್ಲ. 1184ರಲ್ಲಿ, ಅಲ್ಮೊರಾವಿದರ ನಂತರ ಮೊರಾಕ್ಕೊವನ್ನಾಳಿದ ಅಲ್ಮೊಹಾದ್ ವಂಶದ ಖಲೀಫನೇ ಸ್ವತಃ ಸೇನೆಯೊಡನೆ ಬಂದು ಸಾಂತರೇಂ ನಗರವನ್ನು ಮುತ್ತಿದ್ದನು. ಮುತ್ತಿಗೆಗಳನ್ನು ಕಂಡ ಅಜ್ಜಂದಿರ ಮೊಮ್ಮಕ್ಕಳು ಕಟ್ಟಿದ ಚರ್ಚು ಇದು. ತೆನೆಗಳು ರಕ್ಷಣೆಗೆ ಎಷ್ಟು ಬೇಕಿದ್ದವೋ, ಹೊಸ ರಾಜ್ಯದ ಮತ್ತು ಅದರ ಬಿಷಪ್ಪರ ಬಲವನ್ನು ಸಾರಲು ಅಷ್ಟೇ ಬೇಕಿದ್ದವು.

ಮಧ್ಯಯುಗದ ಬಹುಪಾಲು ಕಟ್ಟಡಗಳನ್ನು ಯಾರು ಕಟ್ಟಿದರೆಂಬುದು ತಿಳಿಯುವುದಿಲ್ಲ. ಈ ವಿಷಯದಲ್ಲಿ ಕೋಯಿಂಬ್ರಾ ಅದೃಷ್ಟಶಾಲಿ. ಇಲ್ಲಿನ ಕೆಥೆಡ್ರಲ್ಲಿನ ದಾಖಲೆಗಳನ್ನು ನಕಲು ಮಾಡಿಟ್ಟ ‘ಕಪ್ಪು ಪುಸ್ತಕ’ ಎಂಬ ಸಂಪುಟವೊಂದು ಉಳಿದುಬಂದಿದೆ. ಬಿಷಪ್ ಮಿಗೆಲ್ ಸಾಲೊಮಾಂವ್ ಕಟ್ಟಡಕ್ಕಾಗಿ ಮಾಡಿದ ಖರ್ಚಿನ ವಿವರ ಅದರಲ್ಲಿ ಬರುತ್ತದೆ. ಬೆರ್ನಾರ್ದೊ ಎಂಬ ಮೇಸ್ತ್ರಿ ಹತ್ತು ವರ್ಷ ಸ್ಥಳದಲ್ಲೇ ಇದ್ದು ಕೆಲಸ ನಡೆಸಿದನು; ಅವನ ನಂತರ ಸುವೇರೊ ಎಂಬವನು ಮುಂದುವರಿಸಿದನು. ಇವರಿಬ್ಬರ ಮೇಲೆ ಹಿರಿಯನಾಗಿ ರೊಬೆರ್ತೊ ಎಂಬ ಮೇಸ್ತ್ರಿ ಇದ್ದನು. ಅವನು ಆಗ ಲಿಸ್ಬನ್ ಕೆಥೆಡ್ರಲ್ಲಿನ ಕೆಲಸದಲ್ಲಿದ್ದವನು, ಬಹುಶಃ ಫ್ರಾನ್ಸ್ ಕಡೆಯವನು. ಕೆಲಸವನ್ನೂ ವಿಶೇಷವಾಗಿ ಹೆಬ್ಬಾಗಿಲನ್ನೂ ಇನ್ನಷ್ಟು ಚೆನ್ನಾಗಿ ಮಾಡಿಸಲು ಅವನು ಲಿಸ್ಬನ್ನಿನಿಂದ ನಾಲ್ಕು ಸಲ ಕೋಯಿಂಬ್ರಾಕ್ಕೆ ಬಂದುಹೋದನೆಂದೂ, ಪ್ರತಿ ಸಲವೂ ಅವನಿಗೆ ಚಿನ್ನದ ನಾಣ್ಯಗಳಲ್ಲಿ ಸಂಭಾವನೆ ಕೊಡಲಾಯಿತೆಂದೂ ಆ ಬರಹ ಹೇಳುತ್ತದೆ. ಸ್ಥಳದಲ್ಲಿದ್ದು ದಿನನಿತ್ಯ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಬೇರೆ, ಆಗಾಗ ಬಂದು ವಿನ್ಯಾಸವನ್ನು ತಿದ್ದಿಹೋಗುವ ಪರಿಣತ ಬೇರೆ ಎಂಬ ಏರ್ಪಾಡು 850 ವರ್ಷಗಳ ಹಿಂದೆಯೇ ಇತ್ತೆಂಬುದು ಇದರಿಂದ ತಿಳಿಯುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಹೊಸ ರಾಜ್ಯದ ಎರಡು ದೊಡ್ಡ ಚರ್ಚುಗಳು ಒಂದೇ ತಲೆಯಲ್ಲಿ ರೂಪುಗೊಂಡವು; ಲಿಸ್ಬನ್ನಿನದು ಭೂಕಂಪಗಳಿಂದಲೂ ಮಾರ್ಪಾಡುಗಳಿಂದಲೂ ಬಹಳ ಬದಲಾದ ಕಾರಣ, ರೊಬೆರ್ತೊ ಮೇಸ್ತ್ರಿಯ ಕಲ್ಪನೆಯನ್ನು ಪೂರ್ಣರೂಪದಲ್ಲಿ ನೋಡಲು ಈಗ ಉಳಿದಿರುವುದು ಕೋಯಿಂಬ್ರಾವೇ.

ಇನ್ನು ಕಟ್ಟಡದ ಒಳಗೆ ಬರೋಣ. ಶೈಲಿ ರೋಮನೆಸ್ಕ್, ಅರ್ಧವೃತ್ತದ ಕಮಾನು, ದಪ್ಪ ಗೋಡೆ, ಕಲ್ಲಿನ ಕಮಾನು ಚಾವಣಿ ಅದರ ಮುಖ್ಯ ಲಕ್ಷಣಗಳು. ಪಶ್ಚಿಮದ ಬಾಗಿಲಿನಿಂದ ಪೂರ್ವದ ಬಲಿಪೀಠದ ಕಡೆಗೆ ಉದ್ದನೆಯ ನಡುಸಾಲೆ ಸಾಗುತ್ತದೆ. ಅದರ ಎರಡೂ ಮಗ್ಗುಲಲ್ಲಿ ಅದಕ್ಕಿಂತ ಕಿರಿದಾದ, ತಗ್ಗಾದ ಪಕ್ಕಸಾಲೆಗಳಿವೆ. ಉದ್ದಕ್ಕೆ ಐದು ಅಂಕಣಗಳು. ಅವು ಮುಗಿದಲ್ಲಿ ಅಡ್ಡಸಾಲೆಯೊಂದು ಹಾಯ್ದು, ನಕ್ಷೆಗೆ ಶಿಲುಬೆಯ ಆಕಾರ ಬರುತ್ತದೆ. ಅದರಾಚೆ ಪೂರ್ವದ ತುದಿಯಲ್ಲಿ ಮೂರು ಕೋಣೆಗಳು, ನಡುವಿನದು ದೊಡ್ಡದು, ಅಲ್ಲೇ ಪ್ರಧಾನ ಬಲಿಪೀಠ. ಪಕ್ಕಸಾಲೆಗಳ ಮೇಲೆ ಎರಡನೇ ಅಂತಸ್ತಿನಂತೆ ಓಡುವ ಮಹಡಿಸಾಲೆಯಿದ್ದು, ಅದು ಕಮಾನುಗಳ ಮೂಲಕ ನಡುಸಾಲೆಯತ್ತ ತೆರೆದುಕೊಳ್ಳುತ್ತದೆ. ಸ್ಪೇನಿನ ಸಾಂತಿಯಾಗೊ ದ ಕಂಪೊಸ್ತೆಲಾದ ಪ್ರಸಿದ್ಧ ಯಾತ್ರಾ ಕೆಥೆಡ್ರಲ್ಲಿನಲ್ಲೂ ಇಂಥದೇ ಮಹಡಿಸಾಲೆಯಿದೆ.

ಈ ಎಲ್ಲ ಭಾಗಗಳು ಹೀಗೇಕಿವೆ ಎಂಬುದಕ್ಕೆ ಉತ್ತರ ಚಾವಣಿಯಲ್ಲಿದೆ. ಮರದ ಚಾವಣಿ ಹಗುರ, ಅಗ್ಗ, ಬೇಗ ಆಗುತ್ತದೆ. ಆದರೆ ಬೆಂಕಿಗೆ ತುತ್ತಾಗುತ್ತದೆ. ದೀಪ, ಮೇಣದಬತ್ತಿಗಳು ಸದಾ ಉರಿಯುವ ಕಟ್ಟಡದಲ್ಲಿ, ಅದರಲ್ಲೂ ದಾಳಿಕೋರರು ಮೊದಲು ಬೆಂಕಿ ಇಡುತ್ತಿದ್ದ ಕಾಲದಲ್ಲಿ, ಕಲ್ಲಿನ ಚಾವಣಿ ಬೇಕೆನಿಸಿದ್ದು ಸಹಜ. ಕಲ್ಲಿನ ಮುಚ್ಚಿಗೆಯಡಿಯಲ್ಲಿ ಸ್ತುತಿಗೀತೆಯ ದನಿಯೂ ತುಂಬಿ ಮೊಳಗುತ್ತದೆ. ಆದರೆ ಅಗಲವಾದ ಸಾಲೆಯೊಂದನ್ನು ಬರಿಯ ಚಪ್ಪಡಿಗಳಿಂದ ಮುಚ್ಚಲಾಗದು. ಕಲ್ಲು ಒತ್ತಡವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಬಾಗಿಸುವ ಭಾರಕ್ಕೆ ಮಾತ್ರ ಸುಲಭವಾಗಿ ಬಿರಿಯುತ್ತದೆ. ಆದ್ದರಿಂದ ಕಮಾನು. ಮೊದಲು ಮರದ ಸೆಂಟ್ರಿಂಗ್ ನಿಲ್ಲಿಸಿ, ಅದರ ಮೇಲೆ ಬೆಣೆಯಾಕಾರದ ಕಲ್ಲುಗಳನ್ನು ಎರಡೂ ಕಡೆಯಿಂದ ಜೋಡಿಸುತ್ತಾ ಬಂದು, ನೆತ್ತಿಯ ಕೊನೆಯ ಕಲ್ಲನ್ನು ಕೂರಿಸಿದ ಮೇಲೆ ಸೆಂಟ್ರಿಂಗ್ ಬಿಚ್ಚಿದರೆ, ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡು ನಿಲ್ಲುತ್ತವೆ. ಅಂಥ ಕಮಾನನ್ನು ಸಾಲೆಯ ಉದ್ದಕ್ಕೂ ಎಳೆದುಕೊಂಡು ಹೋದಂತೆ ಕಾಣುವ ಅರ್ಧ ಸಿಲಿಂಡರಿನ ಮುಚ್ಚಿಗೆಯೇ ಕೋಯಿಂಬ್ರಾದ ನಡುಸಾಲೆಯ ಚಾವಣಿ.

ಕಮಾನು ತನ್ನ ಭಾರವನ್ನು ನೇರವಾಗಿ ಕೆಳಗೆ ಮಾತ್ರ ಇಳಿಸುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ನುಣುಪು ನೆಲದ ಮೇಲೆ ಕಾಲು ಅಗಲಿಸಿ ನಿಂತವನ ಪಾದಗಳು ಹೊರಕ್ಕೆ ಜಾರಲು ಹವಣಿಸುವಂತೆ, ಕಮಾನಿನ ಬುಡಗಳು ಗೋಡೆಯನ್ನು ಹೊರಕ್ಕೆ ನೂಕುತ್ತಲೇ ಇರುತ್ತವೆ. ಉದ್ದನೆಯ ಅರ್ಧ ಸಿಲಿಂಡರಿನಲ್ಲಿ ಈ ನೂಕು ಗೋಡೆಯ ಇಡೀ ಉದ್ದಕ್ಕೂ ಎಡೆಬಿಡದೆ ಇರುತ್ತದೆ. ಅದನ್ನು ತಡೆಯಲು ಗೋಡೆ ದಪ್ಪವಾಗಿರಬೇಕು, ಅದರಲ್ಲಿ ದೊಡ್ಡ ಕಿಟಕಿಗಳನ್ನು ಕೊರೆಯಬಾರದು. ಕೋಯಿಂಬ್ರಾದ ಮೇಸ್ತ್ರಿಗಳು ಇನ್ನೊಂದು ಉಪಾಯವನ್ನೂ ಬಳಸಿದರು. ನಡುಸಾಲೆಯ ಎರಡೂ ಬದಿಗೆ ಪಕ್ಕಸಾಲೆಗಳನ್ನೂ ಅವುಗಳ ಮೇಲೆ ಮಹಡಿಸಾಲೆಯನ್ನೂ ಕಟ್ಟಿದಾಗ, ಅವು ಜನ ಓಡಾಡುವ ಜಾಗಗಳಾಗಿರುವುದರ ಜೊತೆಗೆ ನಡುವಿನ ಎತ್ತರದ ಚಾವಣಿಗೆ ಎರಡೂ ಕಡೆಯಿಂದ ಹೆಗಲು ಕೊಟ್ಟು, ಅದರ ನೂಕನ್ನು ಹೊರಗೋಡೆಗಳಿಗೆ ದಾಟಿಸುತ್ತವೆ. ಪಕ್ಕಸಾಲೆಗಳ ಮುಚ್ಚಿಗೆ ಬೇರೆ ಬಗೆಯದು: ಎರಡು ಅರ್ಧ ಸಿಲಿಂಡರುಗಳು ಅಡ್ಡಡ್ಡ ಹಾಯ್ದಾಗ ಉಂಟಾಗುವ ಕತ್ತರಿ ಕಮಾನು. ಇದರಲ್ಲಿ ಭಾರ ನಾಲ್ಕು ಮೂಲೆಗಳಲ್ಲಿ ಮಾತ್ರ ಇಳಿಯುತ್ತದೆ; ಆದ್ದರಿಂದ ಮೂಲೆಗೊಂದು ಗಟ್ಟಿ ಕಂಬ ನಿಲ್ಲಿಸಿ ನಡುವಿನ ಜಾಗವನ್ನು ತೆರೆದಿಡಬಹುದು. ನಡುಸಾಲೆಗೆ ಒಂದು, ಪಕ್ಕಸಾಲೆಗೆ ಇನ್ನೊಂದು ಎಂದು ಎರಡು ಬಗೆಯ ಚಾವಣಿಗಳನ್ನು ಆರಿಸಿಕೊಂಡುದರಲ್ಲೇ ಆ ಮೇಸ್ತ್ರಿಗಳ ಪಳಗಿದ ಕೈ ಕಾಣುತ್ತದೆ.

ಇದರ ಬೆಲೆಯನ್ನು ಬೆಳಕಿನಲ್ಲಿ ತೆರಬೇಕಾಯಿತು. ನಡುಸಾಲೆಯ ಮೇಲ್ಭಾಗಕ್ಕೆ ನೇರವಾಗಿ ಕಿಟಕಿಗಳಿಲ್ಲದ ಕಾರಣ, ಬೆಳಕು ಮುಖ್ಯವಾಗಿ ಎರಡು ತುದಿಗಳಿಂದ ಬರುತ್ತದೆ: ಪಶ್ಚಿಮದ ಮುಖಗೋಡೆಯ ದೊಡ್ಡ ಕಿಟಕಿಯಿಂದ, ಮತ್ತು ನಡುಸಾಲೆ ಅಡ್ಡಸಾಲೆಗಳು ಕೂಡುವಲ್ಲಿ ಮೇಲೆದ್ದಿರುವ ಚೌಕ ಗೋಪುರದ ಕಿಟಕಿಗಳಿಂದ. ಹೀಗಾಗಿ ಒಳಬಂದವರು ಮಬ್ಬಿನಲ್ಲಿ ನಡೆಯುತ್ತಾ ಹೋಗಿ ಬಲಿಪೀಠದ ಮುಂದಿನ ಬೆಳಕಿನ ಮಡುವಿಗೆ ತಲುಪುತ್ತಾರೆ. ಇದು ಭಕ್ತಿಭಾವ ಹುಟ್ಟಿಸಲೆಂದೇ ಮಾಡಿದ ಯೋಜನೆಯೋ, ರಚನೆಯ ಅನಿವಾರ್ಯತೆಯೋ ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ. ಒಳ್ಳೆಯ ಕಟ್ಟಡಗಳಲ್ಲಿ ಅವೆರಡೂ ಕೂಡಿಕೊಂಡೇ ಇರುತ್ತವೆ.

ಈಗ ಹೊರಗೆ ನಿಂತು ಆ ಕೋಟೆಯ ರೂಪವನ್ನು ಮತ್ತೆ ನೋಡಿದರೆ, ಬಹಳಷ್ಟು ಸಂಗತಿಗಳು ಬೇರೆಯಾಗಿ ಕಾಣುತ್ತವೆ. ಗೋಡೆಗಳ ದಪ್ಪ ಮತ್ತು ಕಿಟಕಿಗಳ ಕಿರಿದು ಒಳಗಿನ ಚಾವಣಿಯ ಬೇಡಿಕೆಗಳು. ಮೂಲೆಗಳ ಭಾರಿ ಆಸರೆಗೋಡೆಗಳು ಆ ನೂಕನ್ನೂ, ಕಟ್ಟಡ ನಿಂತಿರುವ ಇಳಿಜಾರಿನ ಅಸಮತೆಯನ್ನೂ ಒಟ್ಟಿಗೆ ತಡೆಯುತ್ತವೆ. ಯುದ್ಧದ ನೆನಪು ಎಂದು ಖಚಿತವಾಗಿ ಹೇಳಬಹುದಾದದ್ದು ತೆನೆಗಳು ಮಾತ್ರ. ಪಶ್ಚಿಮದ ಮುಖವಂತೂ ಬಹಳ ಯೋಚಿಸಿ ಮಾಡಿದ ರಚನೆ. ಗೋಡೆಯ ನಡುಭಾಗ ಗೋಪುರದಂತೆ ಮುಂದಕ್ಕೆ ಚಾಚಿದೆ. ಅದರಲ್ಲಿ ಕೆಳಗೆ ಹೆಬ್ಬಾಗಿಲು, ಮೇಲೆ ಹೆಚ್ಚುಕಡಿಮೆ ಅದೇ ಆಕಾರದ ಕಿಟಕಿ. ಎರಡಕ್ಕೂ ಒಂದರೊಳಗೊಂದು ಹಿಂದೆ ಸರಿಯುತ್ತಾ ಹೋಗುವ ಅರ್ಧವೃತ್ತದ ಕಮಾನುಗಳ ಪದರಗಳು, ಅವನ್ನು ಹೊತ್ತ ಸಣ್ಣ ಕಂಬಗಳು. ಕಂಬಗಳ ಮೈಮೇಲೂ ಕಮಾನುಗಳ ಅಂಚಿನಲ್ಲೂ ಬಿಡುವಿಲ್ಲದ ಕೆತ್ತನೆಯಿದೆ. ಸುತ್ತಲಿನ ಗೋಡೆ ಅಷ್ಟು ಬೋಳಾಗಿರುವುದರಿಂದಲೇ ಈ ಕೆತ್ತನೆಗೆ ಅಷ್ಟು ಬಲ ಬಂದಿದೆ.

ಕೆತ್ತನೆಯ ಮಾತು ಬಂದಾಗ ಒಳಗಿನ ಬೋದಿಗೆಗಳನ್ನು ಬಿಡುವಂತಿಲ್ಲ. ಕಂಬಗಳ ತಲೆಯ ಮೇಲಿನ ಇಂಥ ಬೋದಿಗೆಗಳು ಈ ಚರ್ಚಿನಲ್ಲಿ ಸುಮಾರು 380 ಇವೆ. ಅದೇ ಕಾಲದ ಫ್ರಾನ್ಸಿನ ಚರ್ಚುಗಳಲ್ಲಿ ಬೋದಿಗೆಗಳೆಂದರೆ ಬೈಬಲ್ಲಿನ ಕಥೆ ಹೇಳುವ ಜಾಗ. ಆದಾಮ, ಏವೆ, ಸಂತರು, ದೆವ್ವಗಳು ಅಲ್ಲಿ ತುಂಬಿರುತ್ತಾರೆ. ಕೋಯಿಂಬ್ರಾದಲ್ಲಿ ಕಥೆಯಿಲ್ಲ, ಮನುಷ್ಯಾಕೃತಿಯೂ ಇಲ್ಲವೆನ್ನುವಷ್ಟು ಅಪರೂಪ. ಎಲೆಬಳ್ಳಿಗಳು, ಹೆಣೆದ ಪಟ್ಟಿಗಳು, ಜ್ಯಾಮಿತಿಯ ವಿನ್ಯಾಸಗಳು, ಎದುರುಬದುರು ನಿಂತ ಪಕ್ಷಿಗಳು, ನಾಲ್ಕು ಕಾಲಿನ ಪ್ರಾಣಿಗಳ ಜೋಡಿಗಳು ಮಾತ್ರ. ಇದಕ್ಕೆ ಬಹುಕಾಲದಿಂದ ಹೇಳಿಕೊಂಡು ಬಂದ ಕಾರಣವೆಂದರೆ, ಕೆತ್ತಿದ ಕಲ್ಲುಕುಟಿಗರಲ್ಲಿ ಅನೇಕರು ಮೊಝರಬ್ಬರಾಗಿದ್ದು, ಮನುಷ್ಯಾಕೃತಿಯನ್ನು ದೂರವಿಡುವ ಇಸ್ಲಾಮಿ ಅಲಂಕಾರಕಲೆಯಲ್ಲಿ ಅವರ ಕೈ ಪಳಗಿತ್ತು ಎಂಬುದು. ಈ ವಿವರಣೆಯನ್ನು ಏಕೈಕ ಕಾರಣವೆಂದು ಹಿಡಿಯಬೇಕಾಗಿಲ್ಲ. ಎದುರುಬದುರಾದ ಪ್ರಾಣಿಗಳ ಜೋಡಿ ಯುರೋಪಿನ ಬೇರೆಡೆಯ ರೋಮನೆಸ್ಕ್ ಕಲೆಯಲ್ಲೂ ಉಂಟು. ಆದರೂ ಫ್ರಾನ್ಸಿನ ಕಡೆಯ ಕಟ್ಟಡವಿನ್ಯಾಸ ಮತ್ತು ದಕ್ಷಿಣದ ಕೈಚಳಕ ಒಂದೇ ಗೋಡೆಯಲ್ಲಿ ಸೇರಿವೆಯೆಂಬುದನ್ನು ಅಲ್ಲಗಳೆಯಲಾಗದು. ಉತ್ತರದ ಹೊರಗೋಡೆಯಲ್ಲಿ ಅರಬ್ಬಿ ಬರಹವಿರುವ ಕಲ್ಲೊಂದು ಇಂದಿಗೂ ಇದೆ. ಮುಸ್ಲಿಮರ ವಿರುದ್ಧದ ಗೆಲುವಿನ ಗುರುತಾಗಿ ಎದ್ದ ಚರ್ಚು ಇದೆಂದು ಸುಲಭವಾಗಿ ಹೇಳಿಬಿಡುವವರು ಆ ಕಲ್ಲನ್ನೂ ಈ ಬೋದಿಗೆಗಳನ್ನೂ ನಿಂತು ನೋಡಬೇಕು.

1185ರಲ್ಲಿ, ಅಫೋನ್ಸೊ ಎನ್ರಿಕೆಶ್ ತೀರಿಕೊಂಡ ಬಳಿಕ, ಅವನ ಮಗ ಒಂದನೇ ಸಾಂಚೊ ಇದೇ ಚರ್ಚಿನಲ್ಲಿ ಪಟ್ಟಕ್ಕೇರಿದನು. ಆಗ ಕಟ್ಟಡ ಬಳಕೆಗೆ ಬಂದಿತ್ತು, ಆದರೆ ಪೂರ್ಣವಾಗಿರಲಿಲ್ಲ. ಉಳಿದ ಕೆಲಸ 13ನೇ ಶತಮಾನದ ಆರಂಭದವರೆಗೂ ನಡೆಯಿತು. ಎರಡನೇ ಅಫೋನ್ಸೊನ ಕಾಲದಲ್ಲಿ, 1218ರಲ್ಲಿ, ದಕ್ಷಿಣ ಮಗ್ಗುಲಿಗೆ ಪಾದ್ರಿಗಳು ಓಡಾಡುವ ಚೌಕ ಅಂಗಳವೊಂದನ್ನು, ಸುತ್ತ ಕಮಾನಿನ ಮೊಗಸಾಲೆಗಳೊಡನೆ, ಕಟ್ಟಲು ತೊಡಗಿದರು. ಅಲ್ಲಿ ಕಮಾನುಗಳು ಚೂಪಾಗುತ್ತವೆ. ಗಾಥಿಕ್ ಶೈಲಿ ಪೋರ್ಚುಗಲ್ಲಿಗೆ ಕಾಲಿಡುತ್ತಿರುವುದನ್ನು ತೋರಿಸುವ ತೀರ ಮೊದಲ ಕಟ್ಟಡಗಳಲ್ಲಿ ಇದೂ ಒಂದು. ಚೂಪು ಕಮಾನು ಅರ್ಧವೃತ್ತದ ಕಮಾನಿಗಿಂತ ಕಡಿಮೆ ಪಕ್ಕನೂಕು ಕೊಡುತ್ತದೆ, ಅಗಲ ಬದಲಾದರೂ ಎತ್ತರವನ್ನು ಒಂದೇ ಮಟ್ಟಕ್ಕೆ ಇಟ್ಟುಕೊಳ್ಳಲು ಅನುವು ಮಾಡುತ್ತದೆ. ಒಂದು ಬಾಗಿಲು ದಾಟಿದರೆ ಸಾಕು, ಒಳಗಿನ ದಪ್ಪ ಗೋಡೆಗಳ ಲೋಕದಿಂದ ಈ ತೆಳುವಾದ ಕಂಬಗಳ ಲೋಕಕ್ಕೆ ಬರಬಹುದು.

ಪಕ್ಕಸಾಲೆಗಳಲ್ಲಿ ಹಲವು ಸಮಾಧಿಗಳಿವೆ. ಅವುಗಳಲ್ಲಿ ನನಗೆ ಅತ್ಯಂತ ಕುತೂಹಲದ್ದೆನಿಸುವುದು ವತಾಸಾ ಲಾಸ್ಕರಿಸ್ ಎಂಬ ಹೆಂಗಸಿನದು. ಆಕೆ ಬೈಜಾಂಟಿಯನ್ ಪರಂಪರೆಯ ನಿಕೇಯದ ಗ್ರೀಕ್ ಚಕ್ರವರ್ತಿ ಎರಡನೇ ಥಿಯೊಡೋರನ ಮೊಮ್ಮಗಳು. ರಾಜಮನೆತನ ಪದಚ್ಯುತವಾದ ಮೇಲೆ ಆಕೆಯ ತಾಯಿ ಪಶ್ಚಿಮಕ್ಕೆ ಬಂದಳು. ವತಾಸಾ ಅರಗಾನಿನ ಇಸಬೆಲ್ ರಾಣಿಯ ಸಖಿಯಾಗಿ ಪೋರ್ಚುಗಲ್ಲಿಗೆ ಬಂದು, 1336ರಲ್ಲಿ ಕೋಯಿಂಬ್ರಾದಲ್ಲಿ ತೀರಿಕೊಂಡಳು. ಆಕೆಯ ಕಲ್ಲಿನ ಶವಪೆಟ್ಟಿಗೆಯ ಮೇಲೆ ಬೈಜಾಂಟಿಯನ್ ವಂಶದ ಎರಡು ತಲೆಯ ಹದ್ದುಗಳನ್ನು ಕೆತ್ತಲಾಗಿದೆ.

ಚರ್ಚಿನ ಒಳಗನ್ನು ಅತಿ ಹೆಚ್ಚು ಬದಲಿಸಿದವರು ಬಿಷಪ್ ಜೋರ್ಜ್ ದ ಅಲ್ಮೇಯ್ದಾ. 15ನೇ ಶತಮಾನದ ಕೊನೆಯಲ್ಲಿ ಪೀಠಕ್ಕೆ ಬಂದು 1543ರವರೆಗೆ, ಸುಮಾರು 60 ವರ್ಷ, ಅವರು ಅಲ್ಲಿದ್ದರು. ಆಗ ಪೋರ್ಚುಗಲ್ಲಿಗೆ ಸಮುದ್ರಮಾರ್ಗದ ವ್ಯಾಪಾರದಿಂದ ಹಣ ಹರಿದುಬರುತ್ತಿತ್ತು, ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ ಪ್ರದೇಶದೊಡನೆ ನಿಕಟ ವ್ಯವಹಾರವಿತ್ತು. ಅವರು ಅಲ್ಲಿಂದ ಬಂದ ಘೆಂಟ್‌ನ ಒಲಿವಿಯೆ ಮತ್ತು ಈಪರ್‌ನ ಜಾನ್ ಎಂಬ ಶಿಲ್ಪಿಗಳಿಂದ ಪ್ರಧಾನ ಬಲಿಪೀಠದ ಹಿಂದೆ ಮರದ ಬೃಹತ್ ಫಲಕವೊಂದನ್ನು ಮಾಡಿಸಿದರು. 1498ರಲ್ಲಿ ಆರಂಭವಾದ ಕೆಲಸ 16ನೇ ಶತಮಾನದ ಮೊದಲ ವರ್ಷಗಳಲ್ಲಿ ಮುಗಿಯಿತು. ಚಿನ್ನದ ಲೇಪ ಮತ್ತು ಬಣ್ಣಗಳಿಂದ ಹೊಳೆಯುವ ಅದರ ನಡುವೆ ಮರಿಯಮ್ಮನವರ ಸ್ವರ್ಗಾರೋಹಣದ ದೃಶ್ಯವಿದೆ, ಸುತ್ತ ನಾಜೂಕಾದ ಗಾಥಿಕ್ ಜಾಲರಿ ಕೆಲಸವಿದೆ. ರೋಮನೆಸ್ಕ್ ಗೋಡೆಗಳ ಗಾಂಭೀರ್ಯಕ್ಕೆ ಇದು ಹೊಂದುವುದಿಲ್ಲವೆಂದು ಭಾವಿಸುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ, ಮಬ್ಬಾದ ಸಾಲೆಯ ತುದಿಯಲ್ಲಿ, ಗೋಪುರದಿಂದ ಇಳಿಯುವ ಬೆಳಕಿನಾಚೆ, ಚಿನ್ನದ ಫಲಕವನ್ನಿಡಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ.

ಸುಮಾರು 1503ರಲ್ಲಿ ಅದೇ ಬಿಷಪ್ಪರು ಸೆವಿಲ್ಲಾದಿಂದ ಬಣ್ಣದ ಮೆರುಗಿನ ಜೇಡಿಮಣ್ಣಿನ ಬಿಲ್ಲೆಗಳನ್ನು (ಟೈಲ್‌ಗಳನ್ನು) ತರಿಸಿ ಗೋಡೆಗಳಿಗೂ ಕಂಬಗಳಿಗೂ ಹೊದಿಸಿದರು. ಪೋರ್ಚುಗಲ್ಲಿನ ಗುರುತೇ ಆಗಿಹೋಗಿರುವ ಅಝುಲೇಜು ಬಿಲ್ಲೆಗಳ ಚರಿತ್ರೆಯ ಆರಂಭದ ಘಟ್ಟ ಇದು. ಬಿಲ್ಲೆಗೆ ಹಲವು ಬಣ್ಣಗಳ ಗಾಜಿನ ಲೇಪ ಹಚ್ಚಿ ಸುಟ್ಟಾಗ ಅವು ಕರಗಿ ಒಂದರೊಳಗೊಂದು ಹರಿಯುತ್ತವೆ. ಅದನ್ನು ತಡೆಯಲು ಸೆವಿಲ್ಲಾದ ಕುಶಲಕರ್ಮಿಗಳು ಎರಡು ಮಾರ್ಗ ಕಂಡುಕೊಂಡಿದ್ದರು: ಬಣ್ಣಬಣ್ಣಗಳ ನಡುವೆ ಜಿಡ್ಡಿನ ಗೆರೆ ಎಳೆಯುವುದು, ಇಲ್ಲವೇ ಹಸಿ ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿ ಬಣ್ಣಗಳ ನಡುವೆ ಸಣ್ಣ ಏಣುಗಳು ಏಳುವಂತೆ ಮಾಡುವುದು. ಎರಡನೆಯದು ಬೇಗದ್ದು, ಹೆಚ್ಚಿನ ಸಂಖ್ಯೆಗೆ ಒದಗುವಂಥದು. ವಿನ್ಯಾಸಗಳು ಇಸ್ಲಾಮಿ ಮೂಲದ ಹೆಣಿಗೆಗಳು. ಹೀಗೆ 12ನೇ ಶತಮಾನದ ಕಲ್ಲುಕುಟಿಗರ ಕೈಯಲ್ಲಿ ಒಮ್ಮೆ ಒಳಬಂದಿದ್ದ ದಕ್ಷಿಣದ ಅಲಂಕಾರ, ಮೂರು ಶತಮಾನಗಳ ನಂತರ ಕೊಂಡುತಂದ ಸರಕಾಗಿ ಮತ್ತೊಮ್ಮೆ ಬಂತು.

1530ರ ದಶಕದಲ್ಲಿ ಉತ್ತರದ ಗೋಡೆಗೆ ಮೂರು ಅಂತಸ್ತಿನ ಹೊಸ ಬಾಗಿಲು ಬಂದಿತು. ಪೋರ್ತಾ ಎಸ್ಪೆಸಿಯೋಜಾ ಎಂದು ಹೆಸರಾದ ಇದನ್ನು ಮಾಡಿದವನು ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಕೋಯಿಂಬ್ರಾದಲ್ಲೇ ನೆಲೆಸಿದ ಜುವಾಂವ್ ದ ರುವಾಂವ್. ಇಟಲಿಯ ಪುನರುಜ್ಜೀವನ ಕಾಲದ ಕಮಾನು, ಕಂಬ, ಉಬ್ಬುಶಿಲ್ಪಗಳ ಭಾಷೆ ಪೋರ್ಚುಗಲ್ಲಿನಲ್ಲಿ ಇಷ್ಟು ಪೂರ್ಣವಾಗಿ ಕಾಣಿಸಿಕೊಂಡ ಮೊದಲ ರಚನೆಗಳಲ್ಲಿ ಇದು ಒಂದು. ಪೂರ್ವ ತುದಿಯ ದಕ್ಷಿಣ ಕೋಣೆಯನ್ನೂ ಅವನು 1566ರಲ್ಲಿ ಗುಮ್ಮಟವಿರುವ ಪ್ರಾರ್ಥನಾಲಯವಾಗಿ ಮಾರ್ಪಡಿಸಿ, ಕ್ರಿಸ್ತ ಮತ್ತು ಪ್ರೇಷಿತರ ಪ್ರತಿಮೆಗಳನ್ನು ಬಾಗಿದ ಗೋಡೆಯುದ್ದಕ್ಕೂ ನಿಲ್ಲಿಸಿದನು.

1759ರಲ್ಲಿ ಪೊಂಬಾಲ್ ಮಂತ್ರಿಯ ಆಡಳಿತ ಜೆಸ್ವಿತ್ ಸಂಘದವರನ್ನು ದೇಶದಿಂದ ಹೊರಹಾಕಿತು. ಗುಡ್ಡದ ಮೇಲೆ 1598ರಲ್ಲಿ ಆರಂಭವಾಗಿದ್ದ ಅವರ ದೊಡ್ಡ ಚರ್ಚು ಖಾಲಿಯಾಯಿತು. 1772ರಲ್ಲಿ ಬಿಷಪ್ಪರ ಪೀಠವನ್ನು ಅಲ್ಲಿಗೆ ಒಯ್ದರು. ಅದೇ ಹೊಸ ಕೆಥೆಡ್ರಲ್. ಗೋವೆಯ ಬೊಂ ಜೀಸಸ್ ನೋಡಿದವರಿಗೆ ಆ ಚರ್ಚಿನ ಮುಖ ಅಪರಿಚಿತವೆನಿಸದು, ಎರಡೂ ಒಂದೇ ಸಂಘದವರು ಸರಿಸುಮಾರು ಒಂದೇ ಕಾಲಕ್ಕೆ ಕಟ್ಟಿದವು. ಪೀಠ ಕಳೆದುಕೊಂಡ ಹಳೆಯ ಕಟ್ಟಡ ಕೈಯಿಂದ ಕೈಗೆ ದಾಟಿ ಕೊನೆಗೆ ಸಾಮಾನ್ಯ ಚರ್ಚಾಯಿತು. ಅದರ ಗಾಥಿಕ್ ಅಂಗಳ ವಿಶ್ವವಿದ್ಯಾಲಯದ ಮುದ್ರಣಾಲಯಕ್ಕೆ ಹೋಯಿತು. ಹೊಸದಾಗಿ ಮಾರ್ಪಡಿಸುವ ಹಣವೂ ಆಸಕ್ತಿಯೂ ಯಾರಿಗೂ ಇಲ್ಲದ ಆ ಅವಧಿಯೇ ರೋಮನೆಸ್ಕ್ ಕಟ್ಟಡವನ್ನು ಉಳಿಸಿತೆಂದು ನಾನು ಭಾವಿಸುತ್ತೇನೆ.

1893ರಲ್ಲಿ ಕಲಾಶಿಕ್ಷಕ ಅಂತೋನಿಯೊ ಅಗುಸ್ತೊ ಗೊನ್ಸಾಲ್ವೆಸ್ ಅವರ ಮೇಲ್ವಿಚಾರಣೆಯಲ್ಲಿ ಜೀರ್ಣೋದ್ಧಾರ ಶುರುವಾಯಿತು. ಕಟ್ಟಡವನ್ನು 12ನೇ ಶತಮಾನದ ಮೂಲರೂಪಕ್ಕೆ ತರಬೇಕೆಂಬುದು ಆ ಕಾಲದ ಯುರೋಪಿನಲ್ಲಿ ಪ್ರಬಲವಾಗಿದ್ದ ವಿಚಾರ. ನಂತರದ ಕಾಲದ ಸೇರ್ಪಡೆಗಳನ್ನು ಕಿತ್ತರು. ಸೆವಿಲ್ಲಾದ ಬಿಲ್ಲೆಗಳಲ್ಲಿ ಬಹುಭಾಗವೂ ಹೋಯಿತು. ಇಂದು ನಾವು ಕಾಣುವ ಬರಿಗಲ್ಲಿನ ಗಂಭೀರ ಒಳಾಂಗಣ ಮಧ್ಯಯುಗದ್ದಾಗಿರುವಷ್ಟೇ ಗೊನ್ಸಾಲ್ವೆಸ್ ಅವರದೂ ಹೌದು. ಅವರು ಕಟ್ಟಡವನ್ನು ಶಿಥಿಲತೆಯಿಂದ ಪಾರುಮಾಡಿದರು, ಬೋದಿಗೆಗಳನ್ನು ಮತ್ತೆ ಕಣ್ಣಿಗೆ ಬೀಳುವಂತೆ ಮಾಡಿದರು. ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಬಿಲ್ಲೆಗಳನ್ನು ತೆಗೆದದ್ದು ದೊಡ್ಡ ನಷ್ಟ. ಅವು 390 ವರ್ಷ ಆ ಗೋಡೆಗಳ ಮೇಲಿದ್ದವು. ಅಷ್ಟು ದೀರ್ಘಕಾಲ ಇದ್ದುದನ್ನು ಪರಕೀಯವೆಂದು ತೀರ್ಮಾನಿಸುವುದು ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ. ಉಳಿದ ಕೆಲವು ತುಂಡುಗಳನ್ನು ಈಗಲೂ ಒಳಗೆ ನೋಡಬಹುದು.

1910ರಲ್ಲಿ ಸರ್ಕಾರ ಈ ಕೆಥೆಡ್ರಲ್ಲನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. ಪೂಜೆ ಇನ್ನೂ ನಡೆಯುತ್ತದೆ. ಮೇ ತಿಂಗಳ ವಿದ್ಯಾರ್ಥಿ ಉತ್ಸವದಲ್ಲಿ ಕಪ್ಪು ನಿಲುವಂಗಿಯ ವಿದ್ಯಾರ್ಥಿಗಳು ಮುಂದಿನ ಮೆಟ್ಟಿಲುಗಳ ಮೇಲೆ ನಿಂತು ಕೋಯಿಂಬ್ರಾದ ಫಾದು ಹಾಡುಗಳನ್ನು ಹಾಡುವ ಸಂಪ್ರದಾಯವಿದೆ. ಸಂರಕ್ಷಕರಿಗೆ ಇಂದು ಹೆಚ್ಚು ಚಿಂತೆ ತಂದಿರುವುದು ಉತ್ತರದ ಪೋರ್ತಾ ಎಸ್ಪೆಸಿಯೋಜಾ. ಅದನ್ನು ಹತ್ತಿರದ ಅನ್ಸಾಂವ್ ಎಂಬಲ್ಲಿನ ಬಿಳಿಯ ಸುಣ್ಣಕಲ್ಲಿನಲ್ಲಿ ಮಾಡಲಾಗಿದೆ. ಉಳಿಗೆ ಸುಲಭವಾಗಿ ಒದಗುವಷ್ಟು ಮೆದುವಾದ ಆ ಕಲ್ಲು ಮಳೆ ಗಾಳಿಗಳಿಗೂ ಅಷ್ಟೇ ಸುಲಭವಾಗಿ ಸವೆಯುತ್ತದೆ. ಅದರ ಮೇಲಿನ ಮುಖಗಳಲ್ಲಿ ಹಲವು ಈಗಾಗಲೇ ಗುರುತು ಸಿಗದಂತಾಗಿವೆ.